ಎಲ್ಲರೂ ನೋಡಬಹುದು, ನೋಡಿದವರು ಯಾರು?
ಮುಕ್ತ ತಂತ್ರಾಂಶದ ಪ್ಯಾಕೇಜ್‌ಗಳ ಕುರಿತು ಒಂದು ಅಭ್ಯಾಸ ಪಾಠ

ತರಗತಿ: 9
ವಿಷಯ: ಕಂಪ್ಯೂಟರ್ ಶಿಕ್ಷಣ
ಅವಧಿ: 40 ನಿಮಿಷ
ಪೂರ್ವಜ್ಞಾನ: ಮುಕ್ತ ತಂತ್ರಾಂಶ ಎಂದರೇನು ಎಂಬುದನ್ನು ಮಕ್ಕಳು ಬಲ್ಲರು

ಈ ಪಾಠ ಏಕೆ?

ಅಭ್ಯಾಸ ಬೋಧನೆಯ ಎರಡನೇ ವಾರದಲ್ಲಿ ನಾನು ಕಪ್ಪುಹಲಗೆಯ ಮೇಲೆ ಹೀಗೆ ಬರೆದಿದ್ದೆ: "ಮುಕ್ತ ತಂತ್ರಾಂಶದ ಕೋಡನ್ನು ಎಲ್ಲರೂ ನೋಡಬಹುದು. ಆದ್ದರಿಂದ ಅದು ಸುರಕ್ಷಿತ." ಮಕ್ಕಳು ಬರೆದುಕೊಂಡರು. ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಎಲ್ಲರೂ ನೋಡಬಹುದು ಸರಿ ಮಿಸ್, ನೋಡಿದವರು ಯಾರು?" ಎಂದು ಕೇಳಿದಳು. "ತಜ್ಞರು ನೋಡಿರುತ್ತಾರೆ" ಎಂದು ಹೇಳಿ ಮುಂದಿನ ಅಂಶಕ್ಕೆ ಹೋದೆ. ಪಾಠ ವೀಕ್ಷಿಸುತ್ತಿದ್ದ ಮಾರ್ಗದರ್ಶಿ ಶಿಕ್ಷಕರು ಅವಲೋಕನ ಪುಸ್ತಕದಲ್ಲಿ ಒಂದೇ ಸಾಲು ಬರೆದರು: "ಆ ಪ್ರಶ್ನೆಗೆ ಉತ್ತರ ಕೊಟ್ಟಿಲ್ಲ."

ಉತ್ತರ ಹುಡುಕಲು ಹೊರಟಾಗ ತಿಳಿದದ್ದು, ನಾನು ಬರೆಸಿದ ಎರಡನೇ ವಾಕ್ಯವೇ ತಪ್ಪು ಎಂದು. ಅದನ್ನು ಮಕ್ಕಳ ಮುಂದೆ ತಿದ್ದಲು ಈ ಪಾಠವನ್ನು ಯೋಜಿಸಿದೆ.

ಕಲಿಕಾ ಫಲಗಳು

1. ಒಂದು ತಂತ್ರಾಂಶ ಇತರರು ಬರೆದ ಅನೇಕ ಪ್ಯಾಕೇಜ್‌ಗಳ ಮೇಲೆ ನಿಂತಿರುತ್ತದೆ ಎಂದು ಉದಾಹರಣೆಯೊಂದಿಗೆ ವಿವರಿಸುವರು.
2. "ನೋಡಬಹುದು" ಮತ್ತು "ನೋಡಲಾಗಿದೆ" ಇವುಗಳ ವ್ಯತ್ಯಾಸ ಗುರುತಿಸುವರು.
3. ಪ್ಯಾಕೇಜ್ ಹಾಕಿಕೊಳ್ಳುವ ಮುನ್ನ ಕೇಳಬೇಕಾದ ಮೂರು ಪ್ರಶ್ನೆಗಳನ್ನು ಹೇಳುವರು.

ಪೀಠಿಕೆ (5 ನಿಮಿಷ)

"ಇವತ್ತಿನ ಬಿಸಿಯೂಟದ ಸಾಂಬಾರಿನಲ್ಲಿ ಏನೇನಿತ್ತು?" ಎಂದು ಕೇಳಿದೆ. ಬೇಳೆ, ತರಕಾರಿ, ಉಪ್ಪು, ಸಾಂಬಾರ್ ಪುಡಿ ಎಂದರು. "ಪುಡಿಯಲ್ಲಿ ಏನಿದೆ?" ಮೆಣಸಿನಕಾಯಿ, ಕೊತ್ತಂಬರಿ, ಅರಿಶಿನ. "ಅದನ್ನು ಕುಟ್ಟಿದವರು ಯಾರು?" ಯಾರಿಗೂ ಗೊತ್ತಿಲ್ಲ. "ಹಾಗಿದ್ದರೆ ನಂಬಿ ಉಂಡದ್ದು ಹೇಗೆ?" ಒಬ್ಬ ಹುಡುಗ ತಕ್ಷಣ ಹೇಳಿದ: "ಮಕ್ಕಳಿಗೆ ಬಡಿಸೋ ಮುಂಚೆ ಮೇಷ್ಟ್ರು ರುಚಿ ನೋಡ್ತಾರೆ ಮಿಸ್."

ನನಗೆ ಬೇಕಾಗಿದ್ದ ಎಳೆ ಅದೇ. ಮೊಬೈಲ್ ಆ್ಯಪ್ ಕೂಡ ಸಾಂಬಾರಿನಂತೆಯೇ. ಅದನ್ನು ತಯಾರಿಸುವವರು ಎಲ್ಲವನ್ನೂ ತಾವೇ ಬರೆಯುವುದಿಲ್ಲ, ಬೇರೆಯವರು ಬರೆದಿಟ್ಟ ಪ್ಯಾಕೇಜ್‌ಗಳನ್ನು ಸೇರಿಸಿಕೊಳ್ಳುತ್ತಾರೆ. ಆ ಪ್ಯಾಕೇಜ್‌ಗಳ ಒಳಗೆ ಮತ್ತೆ ಬೇರೆ ಪ್ಯಾಕೇಜ್‌ಗಳಿರುತ್ತವೆ. ಅಲ್ಲಿ ರುಚಿ ನೋಡುವವರು ಯಾರು?

ವಿಷಯ ಮಂಡನೆ (12 ನಿಮಿಷ)

2018ರಲ್ಲಿ ನಿಜವಾಗಿ ನಡೆದ ಘಟನೆಯನ್ನು ಕಥೆಯಾಗಿ ಹೇಳಿದೆ.

ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳ ದೊಡ್ಡ ಉಗ್ರಾಣಕ್ಕೆ ಎನ್‌ಪಿಎಂ ಎಂದು ಹೆಸರು. ಅಲ್ಲಿ ಈವೆಂಟ್-ಸ್ಟ್ರೀಮ್ ಎಂಬ ಪ್ಯಾಕೇಜ್ ಇತ್ತು. ವಾರಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಬಾರಿ ಅದು ಡೌನ್‌ಲೋಡ್ ಆಗುತ್ತಿತ್ತು. ಅದನ್ನು ಬರೆದವರು ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದರು, ಸ್ವತಃ ಬಳಸುವುದನ್ನೂ ಬಿಟ್ಟು ವರ್ಷಗಳಾಗಿದ್ದವು. ಅಪರಿಚಿತನೊಬ್ಬ ಪತ್ರ ಬರೆದು "ನಾನು ನೋಡಿಕೊಳ್ಳುತ್ತೇನೆ" ಎಂದಾಗ ಕೊಟ್ಟುಬಿಟ್ಟರು.

ಸೆಪ್ಟೆಂಬರ್‌ನಲ್ಲಿ ಆತ ಫ್ಲಾಟ್‌ಮ್ಯಾಪ್-ಸ್ಟ್ರೀಮ್ ಎಂಬ ಚಿಕ್ಕ ಪ್ಯಾಕೇಜನ್ನು ಅದರೊಳಗೆ ಸೇರಿಸಿದ. ಆಗ ಅದರಲ್ಲಿ ಯಾವ ದೋಷವೂ ಇರಲಿಲ್ಲ. ಅಕ್ಟೋಬರ್ ಆರಂಭದಲ್ಲಿ ಅದರ ಹೊಸ ಆವೃತ್ತಿ ಬಂತು. ಕಳ್ಳ ಕೋಡ್ ಇದ್ದದ್ದು ಅದರಲ್ಲಿ. ಅದೂ ಎಲ್ಲರೂ ಓದುವ ಮೂಲ ಕಡತದಲ್ಲಿ ಇರಲಿಲ್ಲ, ಉಗ್ರಾಣಕ್ಕೆ ಏರಿಸಿದ ಕುಗ್ಗಿಸಿದ ಕಡತದಲ್ಲಿ ಮಾತ್ರ ಗೂಢಲಿಪಿಯಲ್ಲಿ ಅಡಗಿತ್ತು.

ಅದರ ಗುರಿ ಕೋಪೇ ಎಂಬ ಬಿಟ್‌ಕಾಯಿನ್ ವಾಲೆಟ್ ಆ್ಯಪ್. ಇಲ್ಲಿ ವಾಲೆಟ್ ಎಂದರೇನೆಂದು ವಿವರಿಸಬೇಕಾಯಿತು. ಬಿಟ್‌ಕಾಯಿನ್ ವಾಲೆಟ್‌ನಲ್ಲಿ ಇರುವುದು ನೋಟಲ್ಲ, ಒಂದು ಗುಪ್ತ ಕೀಲಿ. ಕೀಲಿ ಯಾರ ಬಳಿ ಇದೆಯೋ ಹಣ ಅವರದು. ಬ್ಯಾಂಕ್ ಖಾತೆಯಿಂದ ಮೋಸದಲ್ಲಿ ಹಣ ಹೋದರೆ ಕೂಡಲೇ 1930ಕ್ಕೆ ಕರೆ ಮಾಡಿ ಅದನ್ನು ತಡೆಹಿಡಿಸಲು ಪ್ರಯತ್ನಿಸಬಹುದು. ಬಿಟ್‌ಕಾಯಿನ್ ವರ್ಗಾವಣೆ ಒಮ್ಮೆ ಖಚಿತವಾದರೆ ಅದನ್ನು ಹಿಂದಿರುಗಿಸುವ ಬ್ಯಾಂಕ್ ನಡುವೆ ಇಲ್ಲ. ಕಳ್ಳ ಕೋಡ್ ಹುಡುಕುತ್ತಿದ್ದುದು 100ಕ್ಕಿಂತ ಹೆಚ್ಚು ಬಿಟ್‌ಕಾಯಿನ್, ಇಲ್ಲವೇ 1000ಕ್ಕಿಂತ ಹೆಚ್ಚು ಬಿಟ್‌ಕಾಯಿನ್ ಕ್ಯಾಶ್ ಇದ್ದ ಖಾತೆಗಳ ಕೀಲಿಗಳನ್ನು.

ಚಟುವಟಿಕೆ (12 ನಿಮಿಷ)

ಇಷ್ಟು ಜನ ಬಳಸಿದರೂ ಯಾರ ಕಣ್ಣಿಗೂ ಬೀಳಲಿಲ್ಲವೇಕೆ? ಇದನ್ನು ಹೇಳುವ ಬದಲು ಮಾಡಿಸಿದೆ. ಐದು ಗುಂಪುಗಳಿಗೆ ಒಂದೊಂದು ಆ್ಯಪ್‌ನ ಚೀಟಿ ಕೊಟ್ಟೆ. ಪ್ರತಿ ಚೀಟಿಯಲ್ಲೂ ಆ ಆ್ಯಪ್ ತನ್ನ ಬಗ್ಗೆ ಹೇಳಿಕೊಳ್ಳುವ ಒಂದು ಸಾಲು ಇತ್ತು. ಎಲ್ಲ ಗುಂಪುಗಳಿಗೂ ಒಂದೇ ಸಂಖ್ಯಾಪಟ್ಟಿ: 7, 8, 4, 1. ತಮ್ಮ ಸಾಲಿನಲ್ಲಿ ಆ ಸ್ಥಾನಗಳಲ್ಲಿರುವ ಅಕ್ಷರಗಳನ್ನು ಜೋಡಿಸಿ ಓದಬೇಕು.

ಹವಾಮಾನದ ಗುಂಪಿನ ಸಾಲು: "ಮಳೆ ಬಿಸಿಲು ಮೊದಲೇ ಹೇಳುವೆ." ಅವರಿಗೆ ಸಿಕ್ಕಿದ್ದು "ದಲೇಸಿಮ". ತರಗತಿಯೆಲ್ಲ ನಕ್ಕಿತು. ವಾಲೆಟ್ ಗುಂಪಿನ ಸಾಲು: "ದಿನವೂ ಕಷ್ಟದ ಹಣ ಕಾಯುವೆ." ಅವರು ಜೋಡಿಸಿ ಸುಮ್ಮನಾದರು. ಗಟ್ಟಿಯಾಗಿ ಓದಲು ಹೇಳಿದೆ: "ಹಣ ಕದಿ."

ನಿಜವಾದ ದಾಳಿಯಲ್ಲೂ ತಂತ್ರ ಇದೇ. ಗೂಢಲಿಪಿ ಬಿಡಿಸುವ ಕೀಲಿ ಬೇರೆಲ್ಲೂ ಇರಲಿಲ್ಲ. ಕೋಪೇ ತನ್ನನ್ನು ಪರಿಚಯಿಸಿಕೊಳ್ಳುವ ಸಾಲೇ ಕೀಲಿಯಾಗಿತ್ತು. ಉಳಿದ ಸಾವಿರಾರು ಕಡೆ ಅದು ಅರ್ಥವಿಲ್ಲದ ಅಕ್ಷರರಾಶಿಯಾಗಿ ಬಿದ್ದಿತ್ತು. ಆಗ ರುಚಿಯ ಮಾತಾಡಿದ್ದ ಹುಡುಗನೇ ಹೇಳಿದ: "ಹಾಗಾದ್ರೆ ಮೇಷ್ಟ್ರು ರುಚಿ ನೋಡಿದ್ರೂ ಗೊತ್ತಾಗಲ್ಲ ಮಿಸ್. ಒಬ್ಬರ ತಟ್ಟೇಲಿ ಮಾತ್ರ ವಿಷ ಆಗುತ್ತೆ." ನನ್ನ ಹೋಲಿಕೆ ಎಲ್ಲಿಗೆ ನಿಲ್ಲುತ್ತದೆ ಎಂಬುದನ್ನು ಅವನೇ ತೋರಿಸಿದ. ಅದನ್ನು ಹಲಗೆಯ ಮೇಲೆ ಬರೆದೆ.

ಸಿಕ್ಕಿಬಿದ್ದದ್ದು ಹೇಗೆ (5 ನಿಮಿಷ)

ಇನ್ನೊಂದು ಉಪಕರಣ ಚಾಲೂ ಮಾಡಿದಾಗ "ಹಳೆಯ ವಿಧಾನ ಬಳಸಲಾಗುತ್ತಿದೆ" ಎಂಬ ಎಚ್ಚರಿಕೆ ಸಾಲು ಬರುತ್ತಿತ್ತು. ಅನೇಕರು ಇಂಥ ಸಾಲುಗಳನ್ನು ಓದದೆ ಬಿಡುತ್ತಾರೆ. ಕ್ಯಾಲಿಫೋರ್ನಿಯಾದ ಒಬ್ಬ ವಿದ್ಯಾರ್ಥಿ ಬಿಡಲಿಲ್ಲ. ಒಂದೊಂದೇ ಪ್ಯಾಕೇಜ್ ಬಿಚ್ಚುತ್ತಾ ಹೋಗಿ ನವೆಂಬರ್ 20ರಂದು ವಿಷಯವನ್ನು ಬಹಿರಂಗಪಡಿಸಿದ. ಎನ್‌ಪಿಎಂ ಆ ಪ್ಯಾಕೇಜನ್ನು ತೆಗೆದುಹಾಕಿತು. ಕೋಪೇ ತಯಾರಿಸುವ ಬಿಟ್‌ಪೇ ಸಂಸ್ಥೆ 5.0.2ರಿಂದ 5.1.0ರವರೆಗಿನ ಆವೃತ್ತಿ ಇದ್ದವರು ಹೊಸ ವಾಲೆಟ್‌ಗೆ ಹಣ ವರ್ಗಾಯಿಸಬೇಕೆಂದು ಸೂಚಿಸಿತು.

ಆ ವಿದ್ಯಾರ್ಥಿ ಬಿಚ್ಚಿ ನೋಡಲು ಸಾಧ್ಯವಾದದ್ದು ಕೋಡ್ ಮುಕ್ತವಾಗಿದ್ದರಿಂದಲೇ. ಆದ್ದರಿಂದ ಹಲಗೆಯ ಮೇಲಿನ ವಾಕ್ಯವನ್ನು ಮಕ್ಕಳಿಂದಲೇ ತಿದ್ದಿಸಿದೆ: "ಮುಕ್ತ ತಂತ್ರಾಂಶದ ಕೋಡನ್ನು ಎಲ್ಲರೂ ನೋಡಬಹುದು. ಯಾರಾದರೂ ನೋಡಿದಾಗ ಮಾತ್ರ ಅದರಿಂದ ಪ್ರಯೋಜನ."

ಮೌಲ್ಯಮಾಪನ ಮತ್ತು ಗೃಹಪಾಠ (6 ನಿಮಿಷ)

ಮೂರು ಪ್ರಶ್ನೆಗಳನ್ನು ಬರೆಸಿದೆ. ಇದನ್ನು ಈಗ ಯಾರು ನೋಡಿಕೊಳ್ಳುತ್ತಿದ್ದಾರೆ? ಹೆಸರಿನ ಕಾಗುಣಿತ ಸರಿಯಾಗಿದೆಯೇ? ನನಗೆ ಇದು ನಿಜವಾಗಿ ಬೇಕೇ? ಎರಡನೆಯದಕ್ಕೆ ಕಾರಣ, ಹೆಸರಾಂತ ಪ್ಯಾಕೇಜ್‌ನ ಹೆಸರಿನಲ್ಲಿ ಒಂದಕ್ಷರ ಬದಲಿಸಿ ಕಳ್ಳ ಪ್ಯಾಕೇಜ್ ಇಡುವ ರೂಢಿಯೂ ಇದೆ. ಗೃಹಪಾಠ: ಮನೆಯ ಮೊಬೈಲ್‌ನಲ್ಲಿರುವ ಒಂದು ಆ್ಯಪ್ ಯಾರು ತಯಾರಿಸಿದ್ದು, ಕೊನೆಯ ಬಾರಿ ಯಾವಾಗ ನವೀಕರಿಸಿದ್ದು ಎಂದು ಬರೆದು ತರುವುದು.

ಆತ್ಮಾವಲೋಕನ

ಎರಡು ಕೊರತೆಗಳಾದವು. "ಒಂದು ಬಿಟ್‌ಕಾಯಿನ್‌ಗೆ ಎಷ್ಟು ರೂಪಾಯಿ?" ಎಂಬ ಪ್ರಶ್ನೆಗೆ ಉತ್ತರಿಸುತ್ತಾ ಐದು ನಿಮಿಷ ಕಳೆದೆ, ಅದರಿಂದ ಮೌಲ್ಯಮಾಪನ ಅವಸರದ್ದಾಯಿತು. ಎರಡನೆಯದಾಗಿ, ಕೆಲವು ಮಕ್ಕಳು ಪ್ಯಾಕೇಜ್ ಬಿಟ್ಟುಕೊಟ್ಟವರೇ ಕಳ್ಳರೆಂದು ಬರೆದಿದ್ದರು. ಪುಕ್ಕಟೆ ದುಡಿದು ದಣಿದವರ ಮೇಲೆ ಲಕ್ಷಾಂತರ ಜನ ಕೇಳದೇ ಭಾರ ಹಾಕಿದ್ದರು ಎಂಬುದನ್ನು ನಾನು ಬೇಗ ದಾಟಿಬಿಟ್ಟಿದ್ದೆ. ಮುಂದಿನ ತರಗತಿಯಲ್ಲಿ ಅದನ್ನು ಚರ್ಚೆಗೆ ಇಟ್ಟೆ.

ನಮ್ಮ ಕಾಲೇಜಿನ ಲ್ಯಾಬಿನಲ್ಲಿ ನಾವೂ ಎಲ್ಲೋ ಕಂಡ ಸಾಲನ್ನು ನಕಲು ಮಾಡಿ ಪ್ಯಾಕೇಜ್ ಹಾಕಿಕೊಳ್ಳುತ್ತೇವೆ. ಈ ಪಾಠ ಮಾಡಿದ ಮೇಲೆ ನಾನು ಆ ಎಚ್ಚರಿಕೆ ಸಾಲುಗಳನ್ನು ಓದಲು ಶುರುಮಾಡಿದ್ದೇನೆ. ಪಾಠ ಮುಗಿದಾಗ ಆ ಹುಡುಗಿಗೆ, "ನಿನ್ನ ಪ್ರಶ್ನೆಗೆ ಅವತ್ತು ನನಗೆ ಉತ್ತರ ಗೊತ್ತಿರಲಿಲ್ಲ" ಎಂದೆ. "ಗೊತ್ತಾಗಿತ್ತು ಮಿಸ್" ಎಂದಳು.