ವೈದ್ಯಶಿಕ್ಷಕ ಯಾರು? ಸಂಘದ ನಿಯಮಾವಳಿಯ ಭಾಷೆ: ಒಂದು ಅಧ್ಯಯನ

ಕನ್ನಡ ಐಚ್ಛಿಕ ವಿದ್ಯಾರ್ಥಿಗಳು ಶಾಸನವನ್ನು ಓದುತ್ತಾರೆ, ಕಾವ್ಯವನ್ನು ಓದುತ್ತಾರೆ. ಸಂಘವೊಂದರ ನಿಯಮಾವಳಿಯನ್ನು ಓದುವುದು ಅಪರೂಪ. ಅದರಲ್ಲಿ ರಸವಿಲ್ಲ, ಅಲಂಕಾರವಿಲ್ಲ ಎಂಬುದು ನಿಜ. ಆದರೆ ವ್ಯಾಕರಣದ ತರಗತಿಯಲ್ಲಿ ಕಲಿತ ಸಮಾಸ, ಕ್ರಿಯಾರೂಪ, ಸಂಖ್ಯಾವಾಚಕಗಳು ಒಬ್ಬ ವ್ಯಕ್ತಿಯ ಹಕ್ಕನ್ನೇ ನಿರ್ಧರಿಸುವ ಬರಹ ಅದು. ವೈದ್ಯಕೀಯ ಕಾಲೇಜುಗಳಲ್ಲಿ ಪಾಠ ಹೇಳುವವರ ವೃತ್ತಿಸಂಘವನ್ನು ನಿದರ್ಶನವಾಗಿ ಇಟ್ಟುಕೊಂಡು ಈ ಮಾತನ್ನು ಪರಿಶೀಲಿಸಬಹುದು.

ಏಳು ಜನ ಮತ್ತು ಒಂದು ಬರಹ

1860ರ ಸಂಘಗಳ ನೋಂದಣಿ ಕಾಯ್ದೆಯಂತೆ ಸಾಹಿತ್ಯ, ವಿಜ್ಞಾನ ಅಥವಾ ಧರ್ಮಾರ್ಥ ಉದ್ದೇಶಕ್ಕಾಗಿ ಏಳು ಅಥವಾ ಅದಕ್ಕಿಂತ ಹೆಚ್ಚು ಜನರು ಕೂಡಿ ಸಂಘವನ್ನು ನೋಂದಾಯಿಸಬಹುದು. ಏಳು ಎಂಬ ಸಂಖ್ಯೆ ಗಡಿಭಾಗಕ್ಕೆ ಅಪರಿಚಿತವಲ್ಲ. ಗಡಹಿಂಗ್ಲಜ ತಾಲ್ಲೂಕಿನ ನೇಸರಿಯಲ್ಲಿ 1674ರ ಫೆಬ್ರವರಿಯಲ್ಲಿ ಸೇನಾಪತಿ ಪ್ರತಾಪರಾವ ಗುಜರನೂ ಅವನ ಆರು ಮಂದಿ ಸಂಗಡಿಗರೂ ಬಿಜಾಪುರದ ಸೇನೆಯ ಮೇಲೆ ನುಗ್ಗಿ ಮಡಿದರೆಂದು ಇತಿಹಾಸ ನೆನೆಯುತ್ತದೆ. ಅವರ ಸ್ಮಾರಕ ಅಲ್ಲಿದೆ. ಬೆಳಗಾವಿಯಲ್ಲಿ 1916ರಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದವರೂ ಏಳು ಜನ ಶಿಕ್ಷಕರೇ. ಶಿ. ಶಿ. ಬಸವನಾಳ, ಎಂ. ಆರ್. ಸಾಖರೆ ಮೊದಲಾದ ಅವರನ್ನು ನಾಡು ಸಪ್ತರ್ಷಿಗಳೆಂದು ಕರೆಯಿತು. ಆ ಸಂಸ್ಥೆಯೇ ಮುಂದೆ 1963ರಲ್ಲಿ ಬೆಳಗಾವಿಯಲ್ಲಿ ವೈದ್ಯಕೀಯ ಕಾಲೇಜನ್ನು ತೆರೆಯಿತು.

ಸವಾರರ ಏಳಕ್ಕೂ ಸಂಘದ ಏಳಕ್ಕೂ ಭೇದವಿದೆ. ಸವಾರರನ್ನು ಕೂಡಿಸಿದ್ದು ನಿಷ್ಠೆ. ಅದಕ್ಕೆ ಲಿಖಿತ ಕರಾರು ಬೇಕಾಗಲಿಲ್ಲ. ಸಂಘವಾದರೋ ಸ್ಥಾಪಕರ ಕಾಲ ಮುಗಿದ ಮೇಲೂ ನಡೆಯಬೇಕು. ಪರಸ್ಪರ ಪರಿಚಯವಿಲ್ಲದವರು, ಒಬ್ಬರನ್ನೊಬ್ಬರು ಒಪ್ಪದವರು ಕೂಡ ಅದರಲ್ಲಿ ಕೂಡಿ ಕೆಲಸ ಮಾಡಬೇಕು. ಆದ್ದರಿಂದ ಕಾಯ್ದೆ ಎರಡು ಬರಹಗಳನ್ನು ಕೇಳುತ್ತದೆ. ಒಂದು, ಸಂಘದ ಹೆಸರು, ಉದ್ದೇಶ ಮತ್ತು ಆಡಳಿತ ಮಂಡಳಿಯವರ ವಿವರ ಹೇಳುವ ಜ್ಞಾಪನ ಪತ್ರ. ಮತ್ತೊಂದು, ಆಡಳಿತ ಮಂಡಳಿಯ ಕನಿಷ್ಠ ಮೂವರು ದೃಢೀಕರಿಸಿದ ನಿಯಮಾವಳಿ. ಮೊದಲನೆಯದು ಸಂಘ ಏಕೆ ಇದೆ ಎಂಬುದನ್ನು ಹೇಳುತ್ತದೆ. ಎರಡನೆಯದು ಅದು ಹೇಗೆ ನಡೆಯಬೇಕೆಂಬುದನ್ನು.

ನಿಷ್ಠೆಯೊಂದೇ ಸಾಲದೆಂಬುದಕ್ಕೆ ಪುಣೆಯ ಡೆಕ್ಕನ್ ಎಜುಕೇಶನ್ ಸೊಸೈಟಿಯ ಇತಿಹಾಸ ಸಾಕ್ಷಿಯಾಗಿದೆ. ತಿಲಕ, ಆಗರಕರ ಮೊದಲಾದವರು 1884ರಲ್ಲಿ ಸ್ಥಾಪಿಸಿದ ಈ ಸಂಸ್ಥೆಯಲ್ಲಿ ಆಜೀವ ಸದಸ್ಯರು ಅಲ್ಪ ಸಂಬಳಕ್ಕೆ ದೀರ್ಘಕಾಲ ದುಡಿಯುವ ಪಣ ತೊಟ್ಟಿದ್ದರು. ಆದರೆ ಆಜೀವ ಸದಸ್ಯನು ಹೊರಗಿನ ಕೆಲಸವನ್ನು ವಹಿಸಿಕೊಳ್ಳಬಹುದೆ, ಹೊರಗಿನ ಆದಾಯವನ್ನು ಪಡೆಯಬಹುದೆ ಎಂಬ ಪ್ರಶ್ನೆ ಎದ್ದಾಗ ಸ್ಥಾಪಕರಲ್ಲಿಯೇ ಒಡಕು ಮೂಡಿತು. ಗೋಖಲೆಯವರು ಸಾರ್ವಜನಿಕ ಸಭೆಯ ಕಾರ್ಯದರ್ಶಿತ್ವವನ್ನು ಒಪ್ಪಿದ್ದು ವಿವಾದವನ್ನು ತೀವ್ರಗೊಳಿಸಿತು. 1890ರಲ್ಲಿ ತಿಲಕರು ರಾಜೀನಾಮೆ ಕೊಟ್ಟು ಹೊರನಡೆದರು. ಎರಡೂ ಪಕ್ಷದವರು ತ್ಯಾಗಿಗಳೇ. ಒಂದೇ ಪಣವನ್ನು ತೊಟ್ಟವರು ಆ ಪಣಕ್ಕೆ ಬೇರೆ ಬೇರೆ ಅರ್ಥವನ್ನು ಕಂಡಿದ್ದರು. ಅದೇ ಸಂಸ್ಥೆಯ ಸಾಂಗಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ಮುಂದೆ ವಿ. ಕೃ. ಗೋಕಾಕ, ರಂ. ಶ್ರೀ. ಮುಗಳಿ ಅವರು ಬೋಧಿಸಿದರೆಂಬುದನ್ನು ಕನ್ನಡ ವಿದ್ಯಾರ್ಥಿಗಳು ನೆನೆಯಬಹುದು.

ಸಮಾಸವೂ ಸದಸ್ಯತ್ವವೂ

ನಿಯಮಾವಳಿಯ ಮೊದಲ ಪ್ರಶ್ನೆ ಸದಸ್ಯನಾರು ಎಂಬುದು. ವೈದ್ಯವಿಜ್ಞಾನದ ಅಧ್ಯಾಪಕರ ಸಂಘವೊಂದು ಕನ್ನಡದಲ್ಲಿ ‘ವೈದ್ಯಶಿಕ್ಷಕರು ಸದಸ್ಯರಾಗಲು ಅರ್ಹರು’ ಎಂದು ಬರೆಯಿತೆನ್ನೋಣ. ವಾಕ್ಯ ಸರಳವಾಗಿ ಕಾಣುತ್ತದೆ. ವಿಗ್ರಹ ಮಾಡಿದಾಗ ತೊಡಕು ಹೊರಬೀಳುತ್ತದೆ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸಮಾಸಕ್ಕೆ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ಕೊಲ್ಲಾಪುರದ ಶಾಹು ಮಹಾರಾಜರ ಬಿರುದಾದ ‘ರಾಜರ್ಷಿ’ ಎಂಬಲ್ಲಿ ರಾಜನೂ ಋಷಿಯೂ ಒಬ್ಬನೇ, ಅದು ಕರ್ಮಧಾರಯ. ‘ರಾಜಗುರು’ ಎಂಬಲ್ಲಿ ಗುರುವು ರಾಜನಲ್ಲ, ರಾಜನಿಗೆ ಗುರು, ಅದು ತತ್ಪುರುಷ. ‘ವೈದ್ಯಶಿಕ್ಷಕ’ ಇವೆರಡರಲ್ಲಿ ಯಾವುದು? ವೈದ್ಯನೂ ಆದ ಶಿಕ್ಷಕನೆಂದರೆ ಎಂ.ಬಿ.ಬಿ.ಎಸ್. ಪದವೀಧರನಿಗೆ ಮಾತ್ರ ಪ್ರವೇಶ. ವೈದ್ಯರಾಗಲಿರುವವರಿಗೆ ಶಿಕ್ಷಕನೆಂದರೆ ಎಂ.ಎಸ್ಸಿ. ಪದವಿ ಪಡೆದು ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ಕಲಿಸುವವನಿಗೂ ಪ್ರವೇಶ.

ಇದು ಕೇವಲ ಪಾಠದ ಪ್ರಶ್ನೆಯಲ್ಲ. ಭಾರತದ ವೈದ್ಯಕೀಯ ಕಾಲೇಜುಗಳಲ್ಲಿ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಜೀವರಸಾಯನಶಾಸ್ತ್ರ, ಔಷಧಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರಗಳನ್ನು ವೈದ್ಯರಲ್ಲದ ಪದವೀಧರರೂ ಬಹುಕಾಲದಿಂದ ಕಲಿಸುತ್ತ ಬಂದಿದ್ದಾರೆ. ಹಿಂದಿನ ವೈದ್ಯಕೀಯ ಪರಿಷತ್ತಿನ ನಿಯಮದಂತೆ ಈ ವಿಭಾಗಗಳಲ್ಲಿ ಶೇ. 30ರವರೆಗೆ, ಜೀವರಸಾಯನಶಾಸ್ತ್ರದಲ್ಲಿ ಶೇ. 50ರವರೆಗೆ ಅಂಥವರನ್ನು ನೇಮಿಸಲು ಅವಕಾಶವಿತ್ತು. 2020ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಮೊದಲ ಮೂರು ವಿಷಯಗಳಲ್ಲಿ ಅದನ್ನು ಶೇ. 15ಕ್ಕೆ ಇಳಿಸಿತು, ಔಷಧಶಾಸ್ತ್ರ ಮತ್ತು ಸೂಕ್ಷ್ಮಜೀವಿಶಾಸ್ತ್ರಗಳಲ್ಲಿ ಅವಕಾಶವನ್ನೇ ತೆಗೆಯಿತು. 2025ರ ನಿಯಮಗಳು ಈ ಎರಡು ವಿಭಾಗಗಳನ್ನು ಎಂ.ಎಸ್ಸಿ., ಪಿಎಚ್.ಡಿ. ಪದವೀಧರರಿಗೆ ಮತ್ತೆ ತೆರೆದವು. ರೋಗಿಯ ಬಳಿ ನಿಂತು ಕಲಿತವನೇ ವೈದ್ಯವಿದ್ಯಾರ್ಥಿಗೆ ಕಲಿಸಬೇಕೆಂಬುದು ಒಂದು ಪಕ್ಷ. ಮೂಲವಿಜ್ಞಾನದಲ್ಲಿ ವಿಶೇಷ ತರಬೇತಿ ಪಡೆದವನಿಗೆ ಆ ಬೋಧನೆ ಸಲ್ಲುತ್ತದೆಂಬುದು ಇನ್ನೊಂದು. ಎರಡನೆಯ ಪಕ್ಷದವರು ಕಟ್ಟಿಕೊಂಡ ರಾಷ್ಟ್ರೀಯ ಎಂ.ಎಸ್ಸಿ. ವೈದ್ಯಕೀಯ ಶಿಕ್ಷಕರ ಸಂಘವು ತನ್ನ ಹೆಸರಿನಲ್ಲಿಯೇ ಪದವಿಯನ್ನು ಮುಂದಿಟ್ಟಿದೆ. ಅಲ್ಲಿ ವಿಗ್ರಹದ ಸಂಶಯಕ್ಕೆ ಎಡೆಯಿಲ್ಲ.

ಈಗ ಸದಸ್ಯತ್ವದ ನಿಯಮವನ್ನು ಮೂರು ಬಗೆಯಲ್ಲಿ ಬರೆದು ನೋಡಬಹುದು. ‘ವೈದ್ಯಶಿಕ್ಷಕ’ ಎಂದಷ್ಟೇ ಬರೆದರೆ ಅರ್ಥವನ್ನು ಆಯಾ ವರ್ಷದ ಪದಾಧಿಕಾರಿಗಳು ತಮಗೆ ಬೇಕಾದಂತೆ ಹೇಳುತ್ತಾರೆ. ‘ಆಯೋಗದ ನಿಯಮದಂತೆ ನೇಮಕಕ್ಕೆ ಅರ್ಹನಾದ ಶಿಕ್ಷಕ’ ಎಂದು ಬರೆದರೆ, ಸೂಕ್ಷ್ಮಜೀವಿಶಾಸ್ತ್ರದಲ್ಲಿ ಎಂ.ಎಸ್ಸಿ., ಪಿಎಚ್.ಡಿ. ಪಡೆದ ಹೊಸಬನಿಗೆ 2019ರಲ್ಲಿ ತೆರೆದಿದ್ದ ಬಾಗಿಲು 2021ರಲ್ಲಿ ಮುಚ್ಚುತ್ತದೆ, 2025ರಲ್ಲಿ ಮತ್ತೆ ತೆರೆಯುತ್ತದೆ. ಸಂಘ ಒಂದಕ್ಷರವನ್ನೂ ತಿದ್ದದೆಯೇ ಅದರ ಮತದಾರರ ಪಟ್ಟಿ ಬದಲಾಗುತ್ತದೆ. ‘ಮಾನ್ಯತೆ ಪಡೆದ ವೈದ್ಯಕೀಯ ಕಾಲೇಜಿನಲ್ಲಿ ಮೇಲ್ಕಂಡ ಐದು ವಿಷಯಗಳಲ್ಲೊಂದನ್ನು ಬೋಧಿಸುತ್ತಿರುವ ಅಥವಾ ಬೋಧಿಸಿ ನಿವೃತ್ತನಾದ ವ್ಯಕ್ತಿ’ ಎಂದು ಬರೆದರೆ ಸದಸ್ಯತ್ವವು ಮಾಡುವ ಕೆಲಸವನ್ನು ಅವಲಂಬಿಸುತ್ತದೆ. ಮೂರನೆಯದು ಉದ್ದವಾದ ವಾಕ್ಯ, ಚೆಲುವಾದುದಲ್ಲ. ಆದರೆ ಸಂಕಷ್ಟದ ಕಾಲದಲ್ಲಿ ಸದಸ್ಯನನ್ನು ಕಾಯುವುದು ಅದೇ. ನೇಮಕದ ನಿಯಮವನ್ನೇ ಪ್ರಶ್ನಿಸಬೇಕಾದ ಸಂಘವು ಆ ನಿಯಮಕ್ಕೆ ತನ್ನ ಸದಸ್ಯತ್ವವನ್ನು ಕಟ್ಟಿಹಾಕಿಕೊಂಡರೆ, ಪ್ರಶ್ನಿಸಬೇಕಾದವನೇ ಸಭೆಯ ಹೊರಗೆ ಉಳಿಯುತ್ತಾನೆ.

ಸದಸ್ಯನಾದ ಮಾತ್ರಕ್ಕೆ ಮತದ ಹಕ್ಕು ಶಾಶ್ವತವಲ್ಲ. 1860ರ ಕಾಯ್ದೆಯಂತೆ ಮೂರು ತಿಂಗಳಿಗಿಂತ ಹೆಚ್ಚು ಕಾಲ ವಂತಿಗೆ ಬಾಕಿ ಉಳಿಸಿಕೊಂಡವನು ಮತ ಹಾಕುವಂತಿಲ್ಲ. ಆದ್ದರಿಂದ ವಂತಿಗೆಯ ದಿನಾಂಕ, ರಸೀದಿ, ಸದಸ್ಯರ ಪಟ್ಟಿ ಇವು ಗುಮಾಸ್ತಿಕೆಯ ಸಣ್ಣ ವಿವರಗಳಲ್ಲ, ಚುನಾವಣೆಯ ತಳಹದಿ.

ತಕ್ಕದ್ದು, ಬಹುದು, ಮೂರನೇ ಎರಡು

ನಿಯಮಾವಳಿಯ ಕ್ರಿಯಾಪದಗಳು ಮುಖ್ಯವಾಗಿ ಎರಡು. ‘ಅಧ್ಯಕ್ಷರು ವರ್ಷಕ್ಕೊಮ್ಮೆ ಸರ್ವ ಸದಸ್ಯರ ಸಭೆಯನ್ನು ಕರೆಯತಕ್ಕದ್ದು’ ಎಂಬುದು ಕರ್ತವ್ಯ. ‘ಕರೆಯಬಹುದು’ ಎಂಬುದು ಅಧಿಕಾರ, ಕರೆಯದಿದ್ದರೂ ತಪ್ಪಲ್ಲ. ಲೆಕ್ಕಪತ್ರವನ್ನು ಸಭೆಯ ಮುಂದಿಡುವುದು, ಚುನಾವಣೆ ನಡೆಸುವುದು, ಸಭೆಯ ಸೂಚನೆಯನ್ನು ಎಲ್ಲರಿಗೂ ಕಳಿಸುವುದು ಇವಕ್ಕೆಲ್ಲ ‘ತಕ್ಕದ್ದು’ ಬೇಕು. ಇಂಥ ಎಡೆಯಲ್ಲಿ ‘ಬಹುದು’ ಸೇರಿಕೊಂಡರೆ ಸದಸ್ಯನ ಹಕ್ಕು ಪದಾಧಿಕಾರಿಯ ಕೃಪೆಯಾಗಿ ಇಳಿಯುತ್ತದೆ.

ಸಂಖ್ಯೆಯ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ‘ಮೂರನೇ ಎರಡರಷ್ಟು ಬಹುಮತದಿಂದ ನಿಯಮವನ್ನು ತಿದ್ದತಕ್ಕದ್ದು’ ಎಂದಿದೆ ಎನ್ನೋಣ. ಸಂಘದಲ್ಲಿ 90 ಸದಸ್ಯರು. ಸಭೆಗೆ ಬಂದವರು 30. ಅವರಲ್ಲಿ 6 ಜನ ಮತ ಹಾಕದೆ ಸುಮ್ಮನಿದ್ದರು. ಒಟ್ಟು ಸದಸ್ಯರನ್ನು ಎಣಿಸಿದರೆ 60 ಮತ ಬೇಕು. ಬಂದವರನ್ನು ಎಣಿಸಿದರೆ 20. ಮತ ಹಾಕಿದವರನ್ನು ಎಣಿಸಿದರೆ 16 ಸಾಕು. ಅರವತ್ತಕ್ಕೂ ಹದಿನಾರಕ್ಕೂ ನಡುವಿನ ಅಂತರ ಒಂದು ವಿಶೇಷಣದಲ್ಲಿದೆ. ‘ಹಾಜರಿದ್ದು ಮತ ಚಲಾಯಿಸಿದ ಸದಸ್ಯರ’ ಎಂದು ಸೇರಿಸಿದರೆ ಜಗಳವಿಲ್ಲ. ಅದರ ಜೊತೆಗೆ ಕನಿಷ್ಠ ಹಾಜರಾತಿಯನ್ನೂ ಹೇಳಬೇಕು; ಇಲ್ಲದಿದ್ದರೆ ಮಳೆಗಾಲದ ಒಂದು ಸಂಜೆ ಕೂಡಿದ ಬೆರಳೆಣಿಕೆಯ ಜನ ಸಂಘದ ಸ್ವರೂಪವನ್ನೇ ಬದಲಿಸಿಬಿಡಬಹುದು.

ಸಂಘದ ಉದ್ದೇಶವನ್ನು ಬದಲಿಸುವುದಕ್ಕೆ ಕಾಯ್ದೆಯೇ ಕಠಿಣ ದಾರಿಯನ್ನು ಹಾಕಿದೆ. ಬದಲಾವಣೆಯ ಪ್ರಸ್ತಾವನೆ ವಿಶೇಷ ಸಭೆಗೆ ಹತ್ತು ದಿನ ಮುಂಚೆ ಸದಸ್ಯರಿಗೆ ತಲುಪಬೇಕು. ಐದನೇ ಮೂರರಷ್ಟು ಸದಸ್ಯರ ಮತ ದೊರೆಯಬೇಕು. ಒಂದು ತಿಂಗಳ ಅಂತರದ ನಂತರ ಕರೆದ ಎರಡನೆಯ ವಿಶೇಷ ಸಭೆಯಲ್ಲಿ ಅಷ್ಟೇ ಪ್ರಮಾಣದ ಮತದಿಂದ ಅದು ದೃಢಪಡಬೇಕು. ಆವೇಶ ತಣಿಯಲು, ಬಾರದವರಿಗೆ ಸುದ್ದಿ ಮುಟ್ಟಲು ಆ ಒಂದು ತಿಂಗಳು ಅವಕಾಶ ಕೊಡುತ್ತದೆ. ಸಂಘ ವಿಸರ್ಜನೆಯಾದರೆ ಉಳಿದ ಆಸ್ತಿಯನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ. ಅದು ಬೇರೊಂದು ಸಂಘಕ್ಕೆ ಸಲ್ಲಬೇಕು.

ಗಡಿಯ ಎರಡು ಕಾನೂನು, ಎರಡು ನುಡಿ

ಬೆಳಗಾವಿಯಲ್ಲಿಯೂ ಕೊಲ್ಲಾಪುರದಲ್ಲಿಯೂ ವೈದ್ಯಕೀಯ ಕಾಲೇಜುಗಳಿವೆ. ಎರಡೂ ಕಡೆಯ ಅಧ್ಯಾಪಕರು ಕೂಡಿ ಸಂಘ ಕಟ್ಟಿದರೆ ಅದು ಯಾವ ರಾಜ್ಯದಲ್ಲಿ ನೋಂದಣಿಯಾಗುತ್ತದೆಂಬುದು ಮುಖ್ಯ. ಕರ್ನಾಟಕದಲ್ಲಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಅನ್ವಯಿಸುತ್ತದೆ. ಮಹಾರಾಷ್ಟ್ರದಲ್ಲಿ 1860ರ ಕಾಯ್ದೆಯ ಜೊತೆಗೆ 1950ರ ಸಾರ್ವಜನಿಕ ನ್ಯಾಸಗಳ ಕಾಯ್ದೆಯೂ ಇದೆ. ಪದಾಧಿಕಾರಿಗಳು ಬದಲಾದರೆ ಧರ್ಮಾದಾಯ ಆಯುಕ್ತರ ಕಚೇರಿಗೆ 90 ದಿನಗಳೊಳಗೆ ವರದಿ ಸಲ್ಲಿಸಬೇಕು, ಸ್ಥಿರಾಸ್ತಿಯನ್ನು ಮಾರಬೇಕಾದರೆ ಮೊದಲೇ ಅನುಮತಿ ಪಡೆಯಬೇಕು.

ನುಡಿಯೂ ಇಲ್ಲಿ ಇಬ್ಬಗೆ. ಬೆಂಗಳೂರಿನ ಕಡೆ ‘ವಂತಿಗೆ’, ‘ನಿರ್ಣಯ’ ಎನ್ನುವಲ್ಲಿ ಗಡಿಭಾಗದವರು ‘ವರ್ಗಣಿ’, ‘ಠರಾವು’ ಎನ್ನುತ್ತಾರೆ. ಇವು ಸಮಾನಾರ್ಥಕಗಳಾದ್ದರಿಂದ ತೊಂದರೆಯಿಲ್ಲ. ಆದರೆ ಮರಾಠಿಯ ‘ಘಟನಾ’ ಶಬ್ದಕ್ಕೆ ಸಂಘದ ಸಂವಿಧಾನವೆಂಬ ಅರ್ಥವೂ ಉಂಟು. ಕನ್ನಡದ ‘ಘಟನೆ’ ಇಂದಿನ ರೂಢಿಯಲ್ಲಿ ನಡೆದ ಸಂಗತಿ. ‘ಘಟನೆಯಂತೆ ಕ್ರಮ ಕೈಗೊಳ್ಳತಕ್ಕದ್ದು’ ಎಂಬ ವಾಕ್ಯ ನೇಸರಿಯ ಓದುಗನಿಗೆ ನಿಯಮವನ್ನು ಸೂಚಿಸಿದರೆ, ಮೈಸೂರಿನ ಓದುಗನಿಗೆ ಗೊಂದಲವನ್ನು ತರುತ್ತದೆ. ಎರಡು ಭಾಷೆಗಳಲ್ಲಿ ನಿಯಮಾವಳಿಯಿದ್ದರೆ ಭಿನ್ನಾರ್ಥ ಬಂದಾಗ ಯಾವ ಪಾಠ ಪ್ರಮಾಣವೆಂಬುದನ್ನು ಕೊನೆಯ ನಿಯಮವಾಗಿ ಬರೆಯುವುದು ಲೇಸು.

ಎರಡು ನುಡಿಗಳ ಒಳಹೊರಗನ್ನು ಬಲ್ಲ ಗಡಿನಾಡಿನ ಕನ್ನಡ ಪದವೀಧರನಿಗೆ ಇಂಥ ಬರಹವನ್ನು ತಿದ್ದಿ ಕೊಡುವ ಯೋಗ್ಯತೆಯಿದೆ. ಊರಿನ ವಾಚನಾಲಯ, ಹಾಲಿನ ಸಂಘ, ಶಿಕ್ಷಕರ ಸಂಘ ಎಲ್ಲಕ್ಕೂ ನಿಯಮಾವಳಿಗಳಿವೆ. ವಿಗ್ರಹವಾಕ್ಯವನ್ನು ಸರಿಯಾಗಿ ಬರೆಯಬಲ್ಲವನು ಅಲ್ಲಿ ಒಬ್ಬನ ಮತವನ್ನು ಉಳಿಸಬಲ್ಲನು.

ಅಭ್ಯಾಸ

1. ‘ವೈದ್ಯಶಿಕ್ಷಕ’, ‘ರಾಜರ್ಷಿ’, ‘ರಾಜಗುರು’ ಪದಗಳ ವಿಗ್ರಹವಾಕ್ಯ ಬರೆದು ಸಮಾಸವನ್ನು ಹೆಸರಿಸಿ.
2. ‘ಸದಸ್ಯರ ಬಹುಮತದಿಂದ’ ಎಂಬುದನ್ನು ಒಂದೇ ಅರ್ಥ ಬರುವಂತೆ ತಿದ್ದಿ ಬರೆಯಿರಿ.
3. ನಿಮ್ಮ ಊರಿನ ಯಾವುದಾದರೂ ಸಂಘದ ನಿಯಮಾವಳಿಯನ್ನು ಓದಿ, ‘ತಕ್ಕದ್ದು’ ಇರಬೇಕಾದಲ್ಲಿ ‘ಬಹುದು’ ಬಂದಿರುವ ಎಡೆಗಳನ್ನು ಗುರುತಿಸಿ.