ಪ್ರತಿದಿನ ವಿಟಮಿನ್ ಮಾತ್ರೆ: ಯಾರಿಗೆ ಪ್ರಯೋಜನ?

ಜೀವಸತ್ವಗಳು ಅಥವಾ ವಿಟಮಿನ್‌ಗಳು ನಮ್ಮ ಶರೀರಕ್ಕೆ ಅತ್ಯಲ್ಪ ಪ್ರಮಾಣದಲ್ಲಿ ಸಾಕು. ಆದರೆ ಅವುಗಳಲ್ಲಿ ಬಹುಪಾಲನ್ನು ಆಹಾರದಿಂದಲೇ ಪಡೆಯಬೇಕು. ಆಹಾರದಲ್ಲಿ ಕೊರತೆಯಿದ್ದರೆ, ಹಲವು ಜೀವಸತ್ವಗಳುಳ್ಳ ಮಾತ್ರೆಯು ಅದನ್ನು ತುಂಬಬಲ್ಲದು.

ಉತ್ತಮ ಆಹಾರ ಸೇವಿಸುವವರಿಗೆ ಇದರಿಂದ ದೊರೆಯುವ ಲಾಭ ಅಲ್ಪ. ಅಮೆರಿಕದಲ್ಲಿ 50 ವರ್ಷ ಮತ್ತು ಮೇಲ್ಪಟ್ಟ 14,641 ಪುರುಷ ವೈದ್ಯರನ್ನು ಹನ್ನೊಂದು ವರ್ಷಗಳಿಗೂ ಹೆಚ್ಚು ಕಾಲ ಅಧ್ಯಯನಕ್ಕೆ ಒಳಪಡಿಸಲಾಯಿತು. 2012ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಪ್ರತಿದಿನ ಮಾತ್ರೆ ಸೇವಿಸಿದವರಲ್ಲಿ ಕ್ಯಾನ್ಸರ್ ಪ್ರಕರಣಗಳು ಶೇ. 8ರಷ್ಟು ಕಡಿಮೆಯಿದ್ದವು, ಹೃದಯಾಘಾತ ಮತ್ತು ಪಾರ್ಶ್ವವಾಯುಗಳಲ್ಲಿ ಇಳಿಕೆ ಕಂಡುಬರಲಿಲ್ಲ.

ನಮ್ಮಲ್ಲಿ ಪ್ರಶ್ನೆಯೇ ಬೇರೆ. ಬಿ-12 ಜೀವಸತ್ವವು ಸಸ್ಯಾಹಾರಿಗಳಿಗೆ ಮುಖ್ಯವಾಗಿ ಹಾಲು, ಮೊಸರುಗಳಿಂದ ದೊರೆಯಬೇಕು. ಕಾಫಿಗೆ ಬೆರೆಸಿದ ನಾಲ್ಕು ಚಮಚ ಹಾಲು ಈ ಲೆಕ್ಕಕ್ಕೆ ಸಾಲದು! ಆಯಾಸ, ಕೈಕಾಲು ಜೋಮು ಹಿಡಿಯುವುದು, ಮರೆವು ಇದರ ಕೊರತೆಯ ಲಕ್ಷಣಗಳಾಗಿರಬಹುದು. ವೃದ್ಧರಲ್ಲಿ ಆಹಾರದಿಂದ ಬಿ-12 ಹೀರಿಕೊಳ್ಳುವ ಶಕ್ತಿ ಕುಗ್ಗುತ್ತದೆ. ದೀರ್ಘಕಾಲ ಮೆಟ್‌ಫಾರ್ಮಿನ್ ಸೇವಿಸುವ ಮಧುಮೇಹಿಗಳಲ್ಲಿಯೂ ಇದರ ಮಟ್ಟ ಇಳಿಯಬಹುದು. ಇಂಥವರು ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು. ಕೊರತೆ ತೀವ್ರವಾಗಿದ್ದಲ್ಲಿ ಸಾಮಾನ್ಯ ಮಾತ್ರೆಯ ಪ್ರಮಾಣ ಸಾಲದೆ, ಚುಚ್ಚುಮದ್ದು ಬೇಕಾಗಬಹುದು.

ಗರ್ಭಿಣಿಯರಿಗೆ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ನೀಡುವ ಮಾತ್ರೆಯಲ್ಲಿ 60 ಮಿ.ಗ್ರಾಂ ಕಬ್ಬಿಣಾಂಶ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವಿರುತ್ತದೆ. ಅಂಗಡಿಯ ವಿಟಮಿನ್ ಮಾತ್ರೆ ಇದಕ್ಕೆ ಬದಲಿಯಲ್ಲ. ‘ಎ’ ಜೀವಸತ್ವವು ಮಿತಿಮೀರಿದರೆ ಭ್ರೂಣಕ್ಕೆ ಹಾನಿಯಾಗುವ ಸಂಭವವಿರುವುದರಿಂದ, ಗರ್ಭಿಣಿಯರು ವೈದ್ಯರನ್ನು ಕೇಳದೆ ಬೇರಾವ ಜೀವಸತ್ವದ ಮಾತ್ರೆಯನ್ನೂ ಸೇವಿಸಕೂಡದು.