ಬಣ್ಣದ ಕೆಳಗಿನ ಚಿನ್ನ

ಇತಿಹಾಸದ ವಿದ್ಯಾರ್ಥಿನಿಯಾದ ನಾನು ಬರೋಕ್ ಕಲೆಯ ಬಗ್ಗೆ ಓದುವಾಗ ನನ್ನನ್ನು ಹೆಚ್ಚು ಸೆಳೆದದ್ದು ಸ್ಪೇನಿನ ಒಂದು ಮರದ ಶಿಲ್ಪ. ಕ್ಯಾಥೊಲಿಕ್ ಸಂತ ಹಿನೆಸ್ ದೆ ಲಾ ಹಾರಾ ಅವರ ಈ ಆಳೆತ್ತರದ ಪ್ರತಿಮೆಯನ್ನು ಸುಮಾರು 1692ರಲ್ಲಿ ಕೆತ್ತಿದವರು ಲೂಯಿಸಾ ರೋಲ್ಡಾನ್ ಎಂಬ ಮಹಿಳೆ. ಇಂದು ಇದು ಅಮೆರಿಕದ ಲಾಸ್ ಏಂಜಲೀಸ್‌ನ ಗೆಟ್ಟಿ ಮ್ಯೂಸಿಯಂನಲ್ಲಿದೆ.

ಸಂತನ ಮರದ ನಿಲುವಂಗಿ ಜರಿ ಬಟ್ಟೆಯಂತೆ ಹೊಳೆಯುತ್ತದೆ. ಇದರ ವಿಧಾನ ಹೀಗಿದೆ: ಕೆತ್ತಿದ ಮರಕ್ಕೆ ಮೊದಲು ಅಂಟು ಬೆರೆಸಿದ ಜಿಪ್ಸಮ್ ಲೇಪ, ಅದರ ಮೇಲೆ ನುಣುಪಾದ ಕೆಂಪು ಜೇಡಿಮಣ್ಣು, ಆಮೇಲೆ ಚಿನ್ನದ ತೆಳು ಹಾಳೆ. ಚಿನ್ನವನ್ನು ಉಜ್ಜಿ ಹೊಳಪು ಬರಿಸಿ, ಅದನ್ನು ಬಣ್ಣದಿಂದ ಮುಚ್ಚುತ್ತಾರೆ. ಬಳಿಕ ಮೊನಚಾದ ಕಡ್ಡಿಯಿಂದ ಬಣ್ಣವನ್ನು ಗೀರಿದರೆ ಒಳಗಿನ ಚಿನ್ನ ಚಿತ್ತಾರವಾಗಿ ಕಾಣಿಸುತ್ತದೆ. ಸ್ಪ್ಯಾನಿಷ್ ಭಾಷೆಯಲ್ಲಿ ಇದಕ್ಕೆ ‘ಎಸ್ತೊಫಾದೊ’ ಎನ್ನುತ್ತಾರೆ. ಬಣ್ಣದ ಕೆಲಸ ಮಾಡಿದವರು ಲೂಯಿಸಾರ ಗಂಡನ ಸಹೋದರ ತೊಮಾಸ್ ದೆ ಲೊಸ್ ಆರ್ಕೋಸ್.

1692ರಲ್ಲೇ ಲೂಯಿಸಾ ರಾಜ ಎರಡನೇ ಚಾರ್ಲ್ಸ್‌ನ ಆಸ್ಥಾನ ಶಿಲ್ಪಿಯಾದರು. ಪದವಿ ದೊರೆತರೂ ಸಂಬಳ ಸರಿಯಾಗಿ ಸಿಗಲಿಲ್ಲ. ಮನೆಗಾಗಿ, ಊಟಕ್ಕಾಗಿ ಅರಮನೆಗೆ ಅರ್ಜಿ ಬರೆಯಬೇಕಾಯಿತು. 1706ರಲ್ಲಿ ಬಡತನದಲ್ಲೇ ತೀರಿಕೊಂಡರು.

ಸ್ನೇಹಿತರೇ, ಇಂಥ ಕಲಾಕೃತಿ ನೋಡುವಾಗ ಅದರ ಹೊಳಪನ್ನಷ್ಟೇ ಮೆಚ್ಚಿ ಸುಮ್ಮನಾಗದೆ, ಮಾಡಿದ ಕೈ ಯಾರದು, ಆ ಕೈಗೆ ಕೂಲಿ ಸಿಕ್ಕಿತೇ ಎಂದೂ ಕೇಳೋಣ.